ಮಲೆನಾಡಿನ ಬೂತ್‌ಗೆ ಡ್ಯೂಟಿ ಬಿತ್ತಾ? ಫೋನ್ ಹೀಗೆ ರೆಡಿ ಮಾಡ್ಕೊಳ್ಳಿ

ಮೂಡಿಗೆರೆ, ಶೃಂಗೇರಿ ಕಡೆ ಎಲೆಕ್ಷನ್ ಡ್ಯೂಟಿ ಬಿದ್ದಿರೋ ಪಿಆರ್‌ಓ (ಬೂತಿನ ಮುಖ್ಯ ಅಧಿಕಾರಿ), ಎಪಿಆರ್‌ಓಗಳು (ಅವ್ರ ಸಹಾಯಕ ಅಧಿಕಾರಿ) ಮಸ್ಟರಿಂಗ್‌ಗೆ (ಮೆಷಿನ್, ಸಾಮಾನು ತಗೊಳ್ಳೋ ಕಡೆ) ಹೋಗೋ ಮುಂಚೆನೇ ಇದನ್ನ ಓದ್ಕೊಳ್ಳಿ. ಟ್ರೈನಿಂಗಲ್ಲಿ ಮೆಷಿನ್ ಬಗ್ಗೆ ಚೆನ್ನಾಗಿ ಹೇಳ್ಕೊಡ್ತಾರೆ, ಆದ್ರೆ ಕಳಸ, ಸಂಸೆ ಕಡೆ ಒಳಗಿನ ಬೂತಲ್ಲಿ ನೆಟ್‌ವರ್ಕ್ ಕೈಕೊಟ್ರೆ ಏನ್ಮಾಡೋದು ಅನ್ನೋದನ್ನ ನಾವೇ ಯೋಚ್ನೆ ಮಾಡ್ಕೊಂಡು ಹೋಗ್ಬೇಕು.

ಹಿಂದಿನ ದಿನ ಸಂಜೆ ಬೂತ್ ಮುಟ್ಟಿದ ತಕ್ಷಣ ಬಿಎಲ್‌ಓನ (ಆ ಬೂತಿನ ಮತದಾರರ ಪಟ್ಟಿ ನೋಡ್ಕೊಳ್ಳೋರು) ಕೇಳಿ, ಸಿಗ್ನಲ್ ಎಲ್ಲಿ ಬರುತ್ತೆ ಅಂತ. ಅವ್ರಿಗೆ ಗೊತ್ತಿರುತ್ತೆ, ಶಾಲೆ ಜಗಲಿ ಮೂಲೆಲೋ ಧ್ವಜದ ಕಟ್ಟೆ ಹತ್ರನೋ ಎರಡು ಕಡ್ಡಿ ಬರ್ತಿರುತ್ತೆ, ಅಲ್ಲಿಂದ್ಲೇ ಸೆಕ್ಟರ್ ಆಫೀಸರ್‌ಗೆ (ಸುತ್ತಲಿನ ಬೂತ್‌ಗಳನ್ನ ನೋಡ್ಕೊಳ್ಳೋ ಅಧಿಕಾರಿ) ಒಂದ್ಸಲ ಕಾಲ್ ಮಾಡಿ ನೋಡಿ. ಟೀಮಲ್ಲಿ ಯಾರ ಸಿಮ್ ಹಿಡಿಯುತ್ತೋ ಅವ್ರ ನಂಬರನ್ನೂ ಆಗ್ಲೇ ಕೊಟ್ಬಿಡಿ. ಏನೂ ಸಿಗ್ಲಿಲ್ಲ ಅಂದ್ರೆ ಅದನ್ನೂ ಅವತ್ತೇ ತಿಳಿಸ್ಬೇಕು, ವೈರ್‌ಲೆಸ್ಸೋ ಆಳು ಕಳ್ಸೋದೋ ಅವ್ರು ವ್ಯವಸ್ಥೆ ಮಾಡ್ಕೋಬೇಕಲ್ವಾ. ನಂಬರ್‌ಗಳನ್ನ ಪೇಪರಲ್ಲೂ ಬರ್ಕೊಳ್ಳಿ. ಪವರ್ ಬ್ಯಾಂಕ್ ಮರೀಬೇಡಿ, ಏಪ್ರಿಲ್ ಮಳೆಗೆ ಕರೆಂಟ್ ಹೋದ್ರೆ ಯಾವಾಗ ಬರುತ್ತೋ ಹೇಳಕ್ಕಾಗಲ್ಲ.

9, 11, 1, 3, 5 ಗಂಟೆಗೆ ಪೋಲಿಂಗ್ ರಿಪೋರ್ಟ್ ಕೊಡ್ಬೇಕಲ್ಲ, ನೆಟ್ ವೀಕ್ ಇದ್ರೆ ಎಸ್‌ಎಂಎಸ್ಸೇ ಒಳ್ಳೇದು. ಬೂತ್ ನಂಬರ್, ಗಂಡು, ಹೆಣ್ಣು, ಒಟ್ಟು ಅಂತ ಅದೇ ಆರ್ಡರಲ್ಲಿ ಡ್ರಾಫ್ಟ್ ಮಾಡಿಟ್ಕೊಂಡ್ರೆ ಬರೀ ಅಂಕಿ ತುಂಬಿ ಕಳ್ಸೋದಷ್ಟೇ. ಕಳ್ಸೋ ಮುಂಚೆ ಸಿಯು (ಕಂಟ್ರೋಲ್ ಯೂನಿಟ್) ಟೋಟಲ್ ಒತ್ತಿ 17ಎ ರಿಜಿಸ್ಟರ್ (ವೋಟ್ ಹಾಕೋಕೆ ಬಂದೋರ ಪಟ್ಟಿ) ಜೊತೆ ತಾಳೆ ನೋಡಿ, ತಪ್ಪು ಲೆಕ್ಕ ಒಂದ್ಸಲ ಮೇಲೆ ಹೋದ್ರೆ ಸಂಜೆವರೆಗೂ ಅದರದೇ ತಲೆನೋವು.

ಮೆಷಿನ್ ಕೆಟ್ರೆ ಮಾತ್ರ ವಾಟ್ಸಾಪ್ ನಂಬ್ಕೊಂಡು ಕೂರ್ಬೇಡಿ, ಕಾಲ್ ಮಾಡಿ. "ಮೆಷಿನ್ ಹೋಯ್ತು ಸಾರ್" ಅಂದ್ರೆ ಸಾಲಲ್ಲ, ಸಿಯುನಾ, ಬಿಯುನಾ (ವೋಟ್ ಒತ್ತೋ ಬ್ಯಾಲೆಟ್ ಯೂನಿಟ್), ವಿವಿಪ್ಯಾಟಾ (ವೋಟ್ ಹಾಕಿದ ಚೀಟಿ ತೋರ್ಸೋ ಮೆಷಿನ್), ಡಿಸ್‌ಪ್ಲೇಲಿ ಏನ್ ಬರ್ತಿದೆ ಅಂತ ಓದಿ ಹೇಳಿ. ಮತದಾನ ಶುರುವಾದ್ಮೇಲೆ ವಿವಿಪ್ಯಾಟ್ ಮಾತ್ರ ಕೆಟ್ರೆ ಅದೊಂದನ್ನೇ ಬದಲಾಯಿಸ್ತಾರೆ, ಸಿಯು ಅಥವಾ ಬಿಯು ಕೆಟ್ರೆ ಇಡೀ ಸೆಟ್ಟೇ ಬೇಕು, ಅಣಕು ಮತದಾನನೂ ಮತ್ತೆ ಮಾಡ್ಬೇಕು. ಘಾಟಿ ದಾರಿಲಿ ಬರೋರು ತಪ್ಪು ಯೂನಿಟ್ ತಂದ್ರೆ ಕ್ಯೂಲಿ ನಿಂತಿರೋ ವಯಸ್ಸಾದ ಅಜ್ಜಿ ತಾತಂದ್ರು ವೋಟ್ ಹಾಕ್ದೇ ಮನೆಗೆ ಹೋಗ್ಬಿಡ್ತಾರೆ, ನಂಗೆ ಅದೇ ಸಂಕಟ.

ಡ್ಯೂಟಿ ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್, ಫಾರ್ವರ್ಡ್ ಯಾವ್ದೂ ಬೇಡ, ಅರ್ಜೆಂಟ್ ಮೆಸೇಜ್ ಮೇಲಕ್ಕೆ ಹೋಗ್ಬಿಡುತ್ತೆ. ಮತದಾರರ ಫೋಟೋ, ರಿಜಿಸ್ಟರ್ ಫೋಟೋ ಅಂತೂ ಹಾಕ್ಲೇಬೇಡಿ. ಫೋನ್ ಸೈಲೆಂಟಲ್ಲಿರ್ಲಿ, ಮಾತಾಡೋದಿದ್ರೆ ಎಪಿಆರ್‌ಓಗೆ ಹೇಳಿ ಹೊರಗೆ ಬನ್ನಿ.

ಸೀಲಿಂಗ್ ಮುಗಿದು ಡಿಮಸ್ಟರಿಂಗ್‌ಗೆ (ಮೆಷಿನ್ ವಾಪಸ್ ಕೊಡೋ ಕಡೆ) ಗಾಡಿ ಹೊರಡೋವಾಗ ಟೈಮ್, ಗಾಡಿ ನಂಬರ್ ಎರಡೂ ಸೆಕ್ಟರ್ ಆಫೀಸರ್‌ಗೆ ಎಸ್‌ಎಂಎಸ್ ಮಾಡಿಬಿಡಿ, ಮುಂದೆ ಕಾಡೊಳಗೆ ನೆಟ್‌ವರ್ಕ್ ಇರಲ್ಲ.