ಕೋಡ್ ಮುಚ್ಚಿಟ್ಟು ಫೋಟೋ ನೋಡಿದ ಮೇಲೆ

ಸಕ್ಕರೆ ಕಾಯಿಲೆ ಇರುವವರ ಕಣ್ಣಿನ ಹಿಂಭಾಗದ ಫೋಟೋ ನೋಡಿ, ಡಯಾಬಿಟಿಕ್ ರೆಟಿನೋಪತಿ (ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗದ ಪರದೆ ಹಾಳಾಗುವುದು) ಇದೆಯಾ ಇಲ್ಲವಾ ಎಂದು ಹೇಳುವ ಪ್ರೋಗ್ರಾಂ ಮೇಲೆ ನಾನು ಕೆಲಸ ಮಾಡುತ್ತಿದ್ದೆ. ಆಫೀಸಿನಲ್ಲಿ ಅದು ಕ್ಲಾಸಿಗೇ ಫಸ್ಟ್. ಮೊದಲ ಕಣ್ಣು ತಪಾಸಣೆ ಕ್ಯಾಂಪಿನಲ್ಲಿ ನಪಾಸು. ಚೆನ್ನಾಗಿರುವ ಕಣ್ಣಿಗೆ ಕಾಯಿಲೆ ಎನ್ನುತ್ತಿತ್ತು. ಜೊತೆಗಿದ್ದ ಡಾಕ್ಟರ್ ಒಂದೇ ನೋಟಕ್ಕೆ ಗುರುತಿಸಿದ ರಕ್ತದ ಕಲೆಯನ್ನು ಬಿಟ್ಟುಬಿಡುತ್ತಿತ್ತು.

ನಮ್ಮಂಥ ಎಂಜಿನಿಯರುಗಳಿಗೆ ಒಂದು ಚಟ. ತಪ್ಪು ಬಂದರೆ ಇನ್ನೂ ದೊಡ್ಡ ಮಾಡೆಲ್ (ಫೋಟೋಗಳಿಂದ ಕಲಿತು ಉತ್ತರ ಹೇಳುವ ಪ್ರೋಗ್ರಾಂ) ಹಾಕೋಣ ಅನ್ನಿಸುತ್ತದೆ. ನಾನೂ ಎರಡು ತಿಂಗಳು ಅದನ್ನೇ ಮಾಡಿದೆ, ಸುಮ್ನೆ ಕರೆಂಟ್ ಖರ್ಚು. ಕೊನೆಗೆ ಕೋಡ್ ಮುಚ್ಚಿಟ್ಟು, ತಪ್ಪಾದ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಕೂತೆ.

ಮೊದಲು ಸಿಕ್ಕಿದ್ದು ನನ್ನದೇ ತಪ್ಪು. ಒಬ್ಬರ ಬಲಗಣ್ಣು ಮಾಡೆಲ್‌ಗೆ ಕಲಿಸುವ ಟ್ರೈನಿಂಗ್‌ಗೆ ಹೋಗಿತ್ತು, ಅವರದೇ ಎಡಗಣ್ಣು ಅದನ್ನು ಪರೀಕ್ಷಿಸುವ ಟೆಸ್ಟ್‌ನಲ್ಲಿ ಕೂತಿತ್ತು. ಎರಡೂ ಕಣ್ಣಲ್ಲಿ ಕಾಯಿಲೆ ಸಾಮಾನ್ಯವಾಗಿ ಹತ್ತಿರಹತ್ತಿರ ಒಂದೇ ಮಟ್ಟದಲ್ಲಿರುತ್ತದೆ. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಸಿಕ್ಕ ಹಾಗಾಯಿತು. ರೋಗಿಯ ಐಡಿ ನೋಡಿ ಬೇರೆ ಮಾಡಿದೆ. ಅಂಕ ಧೊಪ್ಪನೆ ಬಿತ್ತು. ಮ್ಯಾನೇಜರ್ ಮುಖ ಸಣ್ಣಗಾಯಿತು. ನನಗೆ ಮಾತ್ರ ಸಮಾಧಾನ, ಇದಾದರೂ ನಿಜವಾದ ಅಂಕ ಅಲ್ವಾ!

‘ಶೇಕಡಾ ಇಷ್ಟು ಸರಿ’ ಎಂದು ಹೇಳುವುದನ್ನೂ ಆಗಲೇ ಬಿಟ್ಟೆ. 100 ಜನರಲ್ಲಿ 10 ಜನರಿಗೆ ಕಾಯಿಲೆ ಇದೆ ಅಂದುಕೊಳ್ಳಿ. ಎಲ್ಲರಿಗೂ ‘ಏನಿಲ್ಲ, ಮನೆಗೆ ಹೋಗಿ’ ಎನ್ನುವ ಪ್ರೋಗ್ರಾಂ ಕೂಡ ಶೇಕಡಾ 90 ಸರಿ! ಕಾಯಿಲೆ ಇದ್ದವರಲ್ಲಿ ಎಷ್ಟು ಜನ ಸಿಕ್ಕಿದರು, ಇಲ್ಲದವರಲ್ಲಿ ಎಷ್ಟು ಜನರನ್ನು ಸುಮ್ಮನೆ ಓಡಾಡಿಸಿದೆವು ಎಂದು ಬೇರೆಬೇರೆಯಾಗಿ ಎಣಿಸಬೇಕು.

ಜಾಸ್ತಿ ದಿನ ತಿಂದಿದ್ದು ಪ್ರತಿ ಫೋಟೋಗೂ ಡಾಕ್ಟರು ಕೊಟ್ಟ ಉತ್ತರ, ಅಂದರೆ ಲೇಬಲ್‌ಗಳು. ಈ ಕಾಯಿಲೆಗೆ 0ರಿಂದ 4ರವರೆಗೆ ಐದು ಮಟ್ಟ. 1 ಎಂದರೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಮಾತ್ರ, 2 ಎಂದರೆ ಅದಕ್ಕಿಂತ ಜಾಸ್ತಿ. ನಾವು ಆಸ್ಪತ್ರೆಗೆ ಕಳಿಸುತ್ತಿದ್ದುದು 2ರಿಂದ ಮೇಲಿನವರನ್ನು. ಜಗಳವೆಲ್ಲ ಆ ಗೆರೆಯಲ್ಲೇ. ಒಬ್ಬ ಡಾಕ್ಟರಿಗೆ ಅವರೇ ಗ್ರೇಡ್ ಮಾಡಿದ್ದ ಫೋಟೋಗಳನ್ನು ಹೇಳದೆ ಮತ್ತೆ ಕೊಟ್ಟೆ. ಕೆಲವಕ್ಕೆ ಉತ್ತರ ಬದಲಾಗಿತ್ತು. ತೋರಿಸಿದರೆ ನಕ್ಕರು: “ಬೆಳಿಗ್ಗೆ ನೋಡಿದ್ದಕ್ಕೂ ಓಪಿಡಿ ಮುಗಿಸಿ ನೋಡಿದ್ದಕ್ಕೂ ವ್ಯತ್ಯಾಸ ಇರಲ್ವೇನ್ರೀ?”

2016ರಲ್ಲಿ ಗೂಗಲ್ ತಂಡ ಇದೇ ಕಾಯಿಲೆಗೆ ಮಾಡಿದ ಅಧ್ಯಯನ ಪ್ರಕಟವಾಯಿತು. ಅವರು 1,28,175 ಫೋಟೋಗಳನ್ನು, ಒಂದೊಂದನ್ನೂ 3ರಿಂದ 7 ಸಲ, 54 ಡಾಕ್ಟರುಗಳ ತಂಡದಿಂದ ಗ್ರೇಡ್ ಮಾಡಿಸಿದ್ದರು. ನಮಗೆ ಸಿಕ್ಕಿದ್ದು ಮೂವರು. ಹಾಗಾಗಿ ಮೂವರೂ ಬೇರೆಬೇರೆಯಾಗಿ ನೋಡುವುದು, ಉತ್ತರ ಸೇರದ ಫೋಟೋಗಳಿಗೆ ಮಾತ್ರ ಒಟ್ಟಿಗೆ ಕೂತು ತೀರ್ಮಾನಿಸುವುದು ಎಂದು ಮಾಡಿಕೊಂಡೆವು. ಟೆಸ್ಟ್ ಫೋಟೋಗಳನ್ನು ಪೂರ್ತಿ ಹೀಗೇ ತಿದ್ದಿಸಿದೆ. ಮಾಡೆಲ್ ತಪ್ಪು ಮಾಡಿದೆ ಎಂದುಕೊಂಡಿದ್ದ ಕೆಲವು ಕಡೆ ಅದೇ ಸರಿಯಾಗಿತ್ತು.

ಚೆನ್ನಾಗಿರುವ ಕಣ್ಣಿಗೆ ಕಾಯಿಲೆ ಎನ್ನುತ್ತಿತ್ತಲ್ಲ, ಅದರ ಗುಟ್ಟು ಹೊರಬಿದ್ದಿದ್ದು ಹೀಗೆ ಕೂತಿದ್ದಾಗಲೇ. ಒಂದು ಕ್ಯಾಮೆರಾದ ಎಲ್ಲ ಫೋಟೋಗಳಲ್ಲೂ ಅದೇ ಜಾಗದಲ್ಲಿ ಒಂದು ಚುಕ್ಕೆ. ಅಷ್ಟೂ ಜನರಿಗೆ ಒಂದೇ ಜಾಗದಲ್ಲಿ ಕಾಯಿಲೆ ಬರುತ್ತದೆಯೇ? ಲೆನ್ಸ್ ಮೇಲಿನ ಧೂಳು! ಒರೆಸಿದ ಮೇಲೆ ಎಷ್ಟೋ ಸುಳ್ಳು ಎಚ್ಚರಿಕೆಗಳು ನಿಂತವು. ನನ್ನ ಎರಡು ತಿಂಗಳ ಕೆಲಸಕ್ಕಿಂತ ಆ ಬಟ್ಟೆ ತುಂಡೇ ಮೇಲು.

ಮಸುಕು ಫೋಟೋಗಳದು ಬೇರೆ ಕಥೆ. ಕ್ಯಾಂಪ್ ನಡೆಯುವುದು ಶಾಲೆಯ ಕೋಣೆಯಲ್ಲಿ. ಬೆಳಕು ಜಾಸ್ತಿಯಾದರೆ ಪಾಪೆ ಕಿರಿದಾಗುತ್ತದೆ, ಫೋಟೋದ ಅಂಚು ಕಪ್ಪಾಗುತ್ತದೆ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದೆವು. ಒಂದು ಕಣ್ಣಿಗೆ ಫ್ಲಾಶ್ ಹೊಡೆದರೆ ಇನ್ನೊಂದರ ಪಾಪೆಯೂ ಕಿರಿದಾಗುವುದರಿಂದ ಕೆಲವು ನಿಮಿಷ ಬಿಟ್ಟು ಎರಡನೆಯದು. ಪ್ರೋಗ್ರಾಂಗೂ ‘ಕಾಣುತ್ತಿಲ್ಲ, ಮತ್ತೆ ತೆಗೆಯಿರಿ’ ಎಂದು ಹೇಳಲು ಕಲಿಸಿದೆ. ಎರಡನೇ ಸಲವೂ ಮಸುಕಾದರೆ ಉತ್ತರವನ್ನೇ ಕೊಡದೆ ನೇರ ಡಾಕ್ಟರ ಹತ್ತಿರ ಕಳಿಸುತ್ತದೆ. ಹಾಗೆ ಹೋದ ಅಜ್ಜ ಅಜ್ಜಿಯರಲ್ಲಿ ಹಲವರಿಗೆ ಪೊರೆ ಬಂದಿತ್ತು. ಹೇಗಿದ್ದರೂ ಡಾಕ್ಟರನ್ನು ನೋಡಲೇಬೇಕಾದವರು.