ಹರಿವೆಯ ಕೆಂಪು ನೀರು ಚೆಲ್ಲಬೇಡಿ

ಉಡುಪಿ ಸಂತೆಯಿಂದ ಒಂದು ಕಟ್ಟು ಕೆಂಪು ಹರಿವೆ ತಂದರೆ ಇಡೀ ಸೊಪ್ಪನ್ನೇ ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ಪಾತ್ರೆಯ ನೀರು ನೋಡ್ತಾ ನೋಡ್ತಾ ಗುಲಾಬಿ ಆಗುತ್ತದೆ. ಅದನ್ನು ಸುಮ್ನೆ ಚೆಲ್ಲಿಬಿಡುತ್ತೇವೆ, ಅಲ್ವಾ? ಆ ಬಣ್ಣ ಬೀಟಾಲೈನ್, ಬೀಟ್‌ರೂಟಿನ ಕೆಂಪೂ ಅದೇ ಜಾತಿಯದು. ನೀರಲ್ಲಿ ಕರಗಿ ಹೋಗುತ್ತದೆ, ಜಾಸ್ತಿ ಹೊತ್ತು ಬೇಯಿಸಿದರೆ ಹಾಳಾಗುತ್ತದೆ. ಹಾಗಾಗಿ ನೀರು ಚಿಮುಕಿಸಿ, ಮುಚ್ಚಿಟ್ಟು, ದಂಟು ಮೆತ್ತಗಾದ ಕೂಡಲೇ ಇಳಿಸಿ. ತಳದಲ್ಲಿ ಕೆಂಪು ನೀರು ಉಳಿದಿದ್ದರೆ ಸಾರಿಗೆ ಹಾಕಿ.

ಕಾಯಿತುರಿ, ತೆಂಗಿನೆಣ್ಣೆ ಒಗ್ಗರಣೆ ಮಾತ್ರ ಬಿಡಬೇಡಿ. ಕ್ಯಾರೆಟ್, ಸಿಹಿಕುಂಬಳ, ಪಪ್ಪಾಯಿಗೆ ಬಣ್ಣ ಕೊಡುವ ಕ್ಯಾರೋಟಿನ್ ಹರಿವೆ, ಬಸಳೆಯಲ್ಲೂ ಇದೆ, ಎಲೆಯ ಹಸಿರಿನ ಅಡಿಯಲ್ಲಿ ಕಾಣುವುದಿಲ್ಲ ಅಷ್ಟೆ. ಅದು ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ಟೊಮೆಟೊಗೆ ಕೆಂಪು ಕೊಡುವ ಲೈಕೋಪಿನ್ ಕೂಡ ಹಸಿಯಾಗಿ ತಿಂದಾಗ ಸಿಗುವುದಕ್ಕಿಂತ ಎಣ್ಣೆಯಲ್ಲಿ ಬೆಂದ ಗೊಜ್ಜಿನಲ್ಲಿ ಚೆನ್ನಾಗಿ ಸಿಗುತ್ತದೆ.

ಇನ್ನು ಈ ಬಣ್ಣಗಳಿಗೂ ಕ್ಯಾನ್ಸರಿಗೂ ಏನು ಸಂಬಂಧ ಅನ್ನುವ ವಿಷಯ. ಈ ಬಣ್ಣಗಳು ಜೀವಕೋಶಕ್ಕೆ ಆಗುವ ಹಾನಿ ತಗ್ಗಿಸುತ್ತವೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಹಾಗಂತ ಬಣ್ಣವನ್ನೇ ಮಾತ್ರೆ ಮಾಡಿ ನುಂಗಬೇಡಿ, ದಯವಿಟ್ಟು. ಫಿನ್‌ಲ್ಯಾಂಡಿನಲ್ಲಿ ಸುಮಾರು 29,000 ಸಿಗರೇಟು ಸೇದುವ ಗಂಡಸರ ಮೇಲೆ ಪರೀಕ್ಷೆ ಮಾಡಿದ್ದರು, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ (ಮೇಲೆ ಹೇಳಿದ ಕ್ಯಾರೋಟಿನ್‌ನದೇ ಒಂದು ಬಗೆ) ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗುವ ಬದಲು ಶೇಕಡಾ 18ರಷ್ಟು ಜಾಸ್ತಿಯಾಗಿತ್ತು, 1994ರಲ್ಲಿ ಇದು ಹೊರಬಂತು. ಸೊಪ್ಪು ತರಕಾರಿಯಲ್ಲಾದರೆ ಬಣ್ಣದ ಜೊತೆ ನಾರೂ ಇರುತ್ತದೆ, ನಾರು ಚೆನ್ನಾಗಿ ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ. ಮಧ್ಯಾಹ್ನ ಒಂದು ದೊಡ್ಡ ಬಟ್ಟಲು ಪಲ್ಯ, ರಾತ್ರಿ ಬಸಳೆ ಸಾಂಬಾರು, ನಡುವೆ ಎರಡು ಹೋಳು ಪಪ್ಪಾಯಿ, ಹೆಚ್ಚುಕಡಿಮೆ ಮುಟ್ಟುತ್ತದೆ. ಈಗಾಗಲೇ ಚಿಕಿತ್ಸೆಯಲ್ಲಿ ಇರುವವರು ಮಾತ್ರ ಊಟದಲ್ಲಿ ಏನೇ ಬದಲಾಯಿಸುವುದಿದ್ದರೂ ಡಾಕ್ಟರನ್ನು ಕೇಳಿ, ಔಷಧಿ ಬಿಟ್ಟು ಸೊಪ್ಪು ಹಿಡಿಯಬೇಡಿ.

ಅಡಿಕೆ ಬೆಳೆಯುವ ಊರಲ್ಲಿ ಕೂತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು: ಊಟವಾದ ಮೇಲೆ ಬಾಯಿ ಕೆಂಪು ಮಾಡುವ ತಾಂಬೂಲ ಬಿಡಿ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯಿಂದಲೇ ಕ್ಯಾನ್ಸರ್ ಬರುತ್ತದೆ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ.

ಬಾಯಿಗೆ ಏನಾದರೂ ಬೇಕೇ ಬೇಕು ಅನಿಸಿದರೆ ನಾಲ್ಕೈದು ಒಣ ಪುನರ್ಪುಳಿ (ಕೋಕಂ) ಸಿಪ್ಪೆ ನೀರಲ್ಲಿ ನೆನೆಹಾಕಿ. ಅರ್ಧ ಗಂಟೆಗೆ ಲೋಟದ ತಳದಿಂದ ಕೆಂಪು ಮೇಲೇರುತ್ತದೆ, ಅದು ಆಂಥೋಸಯನಿನ್ ಅನ್ನುವ ಬಣ್ಣ. ಕಿವುಚಿ ಸೋಸಿ, ಚಿಟಿಕೆ ಉಪ್ಪು, ಒಂಚೂರು ಬೆಲ್ಲ ಹಾಕಿ ಕುಡಿಯಿರಿ.