ಎಸಿ ಫಿಲ್ಟರ್: ಯಾವಾಗ ತೊಳೆಯಬೇಕು, ಯಾವಾಗ ಬದಲಿಸಬೇಕು

ಎಸಿ ಜೊತೆ ಬರುವ ಪುಸ್ತಕದಲ್ಲಿ ಫಿಲ್ಟರನ್ನು ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ತೊಳೆಯಿರಿ ಎಂದಿರುತ್ತದೆ. ದಾವಣಗೆರೆಯಲ್ಲಿ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗೆ ಈ ಲೆಕ್ಕ ನಡೆಯುವುದಿಲ್ಲ. ಮಾರ್ಚ್‌ನಿಂದ ಮೇ ತನಕ, ಎಸಿ ರಾತ್ರಿಯೆಲ್ಲ ಓಡುವ ದಿನಗಳಲ್ಲಿ, ಅಲ್ಲಿ ವಾರಕ್ಕೊಮ್ಮೆ ಬಿಚ್ಚಿ ನೋಡಬೇಕು. ಉಳಿದ ಬಡಾವಣೆಗಳಿಗೆ ಹದಿನೈದು ದಿನ ಸಾಕು. ಚಿತ್ರದುರ್ಗದ್ದು ಬೇರೆ ಕಾಟ: ಆಷಾಢದ ಗಾಳಿ. ಸ್ಪ್ಲಿಟ್ ಎಸಿ ಗಾಳಿ ಎಳೆದುಕೊಳ್ಳುವ ಕಿಂಡಿ ಯೂನಿಟ್ಟಿನ ನೆತ್ತಿಯ ಮೇಲಿರುತ್ತದೆ. ಹಾಗಾಗಿ ಎಸಿ ಬಂದ್ ಇದ್ದಾಗಲೂ ಕಿಟಕಿಯಿಂದ ನುಗ್ಗಿದ ಮಣ್ಣು ನೇರ ಅಲ್ಲೇ ಕೂರುತ್ತದೆ. ಬೇಸಿಗೆ ಶುರುವಾದಾಗ ಫಿಲ್ಟರ್ ತೊಳೆದ ಮೇಲೆಯೇ ರಿಮೋಟ್ ಒತ್ತಿ.

ಬಿಚ್ಚುವ ಮೊದಲು ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಇಳಿಸಿ. ರಿಮೋಟಿನಲ್ಲಿ ಆಫ್ ಮಾಡಿದರೆ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಕೆಳಗಿನ ಹಾಸಿಗೆಗೆ ಹಳೇ ಪೇಪರ್ ಹಾಸಿ. ಮುಂದಿನ ಪ್ಯಾನೆಲನ್ನು ಎರಡೂ ತುದಿಯಲ್ಲಿ ಹಿಡಿದು, ಟಕ್ ಎಂದು ನಿಲ್ಲುವವರೆಗೆ ಎತ್ತಿ. ಹೆಚ್ಚಿನ ಮಾದರಿಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಜಾಳಿಗೆ ಇರುತ್ತದೆ, ಅದೇ ಫಿಲ್ಟರ್. ಕೆಳಗಿನ ಹಿಡಿಯನ್ನು ಸ್ವಲ್ಪ ಮೇಲಕ್ಕೆ ಬಾಗಿಸಿ ಕೆಳಕ್ಕೆ ಎಳೆದರೆ ಬರುತ್ತದೆ. ಹಿಂದೆ ಕಾಣುವ ಅಲ್ಯೂಮಿನಿಯಂ ಪದರಗಳಿಗೆ ಕೈ ಹಾಕಬೇಡಿ. ಅವು ಬೇಗ ಬಾಗುತ್ತವೆ, ಬೆರಳನ್ನೂ ಕೊಯ್ಯುತ್ತವೆ.

ಒಣ ದೂಳಾದರೆ ದೂಳು ಕೂತ ಬದಿಯಿಂದ ವ್ಯಾಕ್ಯೂಮ್ ಹಿಡಿದರೆ ಮುಗಿಯಿತು. ನೀರು ಹಾಕುವುದಾದರೆ ಹಿಂಬದಿಯಿಂದ ಹಾಕಿ. ದೂಳಿನ ಬದಿಗೇ ನಲ್ಲಿ ತಿರುಗಿಸಿದರೆ ಅದು ಕೆಸರಾಗಿ ಜಾಳಿಗೆಯ ಕಣ್ಣುಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಭಟ್ಟಿಯ ಮಸಿ, ಅಡುಗೆಮನೆಯ ಒಗ್ಗರಣೆ ಜಿಡ್ಡು ಬರೀ ನೀರಿಗೆ ಬಗ್ಗುವುದಿಲ್ಲ. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹತ್ತು ನಿಮಿಷ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ನೀರು 40 ಡಿಗ್ರಿ ದಾಟಿದರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುವ ಭಯವಿದೆ.

ಬೋರ್ ನೀರು ಗಡಸಾಗಿದ್ದರೆ ಕೊನೆಯ ಜಾಲನೆಗೆ ನಲ್ಲಿ ನೀರೋ ಮಳೆ ನೀರೋ ಬಳಸಿ, ಇಲ್ಲವಾದರೆ ಒಣಗಿದ ಮೇಲೆ ಜಾಳಿಗೆಯ ಮೇಲೆ ಬಿಳಿ ಪುಡಿ ನಿಲ್ಲುತ್ತದೆ. ಆರ್‌ಒ ಯಂತ್ರದ ವೇಸ್ಟ್ ನೀರನ್ನು ಇದಕ್ಕೆ ಉಪಯೋಗಿಸುವವರಿದ್ದಾರೆ; ಅದು ಬೋರ್ ನೀರಿಗಿಂತಲೂ ಗಡಸು.

ಒಣಗಿಸುವುದು ನೆರಳಲ್ಲಿ. ತಾರಸಿಯ ಏಪ್ರಿಲ್ ಬಿಸಿಲಿಗಿಟ್ಟ ಜಾಳಿಗೆಯ ಅಂಚು ಏಳುತ್ತದೆ, ಆಮೇಲೆ ಅದು ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಆ ಸಂದಿಯಿಂದ ನುಗ್ಗಿದ ದೂಳು ತೇವದ ಕಾಯಿಲ್ (ಗಾಳಿ ತಣ್ಣಗಾಗಿಸುವ ಕೊಳವೆ ಸುರುಳಿ) ಮೇಲೆ ಕೆಸರಾಗಿ ಅಂಟುತ್ತದೆ, ಆಗ ಜೆಟ್ ಪಂಪಿನ ಸರ್ವಿಸ್ಸೇ ಗತಿ. ಹಸಿ ಇರುವಾಗಲೇ ಹಾಕಿದರೆ ಬೂಷ್ಟು, ಮುಗ್ಗಲು ವಾಸನೆ.

ಇನ್ನು ಆಯ್ಕೆ. ಎಸಿಯ ಜಾಳಿಗೆ ಹಿಡಿಯುವುದು ಕೂದಲು, ನೂಲು, ದಪ್ಪ ದೂಳು ಮಾತ್ರ. ಹೊಗೆಯ ಸಣ್ಣ ಕಣ ಅದರೊಳಗಿಂದ ಆರಾಮಾಗಿ ದಾಟುತ್ತದೆ. ಇದನ್ನು ಸರಿಪಡಿಸುತ್ತೇವೆಂದು ಕೆಲವರು ಜಾಳಿಗೆ ಮೇಲೆ ಬಟ್ಟೆಯನ್ನೋ ಅಂಗಡಿಯ ಫಿಲ್ಟರ್ ಶೀಟನ್ನೋ ಪೂರ್ತಿ ಹೊದಿಸುತ್ತಾರೆ. ದಯವಿಟ್ಟು ಬೇಡ. ಒಳಗಿನ ಬ್ಲೋವರ್‌ಗೆ, ಅಂದರೆ ಗಾಳಿ ಎಳೆಯುವ ಫ್ಯಾನಿಗೆ, ಅಷ್ಟು ಎಳೆಯುವ ತಾಕತ್ತಿಲ್ಲ. ಗಾಳಿ ಕಡಿಮೆಯಾದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ, ಐಸ್ ಕರಗಿದಾಗ ಗೋಡೆ ಮೇಲೆ ನೀರಿಳಿಯುತ್ತದೆ, ಕೋಣೆ ತಣ್ಣಗಾಗದೆ ಬೆಸ್ಕಾಂ ಬಿಲ್ ಏರುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರಿನ ಪ್ಯೂರಿಫೈಯರ್ ಬೇರೆಯಾಗಿ ಇಡಿ. ಕಂಪನಿಯವರೇ ಜಾಳಿಗೆಗೆ ಸಿಕ್ಕಿಸಿ ಕೊಡುವ ಪುಟ್ಟ ಕಾರ್ಬನ್ ಪಟ್ಟಿಯಿಂದ ತೊಂದರೆಯಿಲ್ಲ. ಆದರೆ ಅದನ್ನು ತೊಳೆಯಬಾರದು. ಅವಧಿ ಮುಗಿದ ಮೇಲೆ ಬದಲಿಸಬೇಕು.

ಡಕ್ಟ್ (ಕೋಣೆಗಳಿಗೆ ತಣ್ಣನೆ ಗಾಳಿ ಒಯ್ಯುವ ಕೊಳವೆ) ಹಾಕಿಸಿದ ದೊಡ್ಡ ಮನೆಗಳಲ್ಲಿ ಚೌಕಟ್ಟಿನ ಫಿಲ್ಟರ್ ಇರುತ್ತದೆ. ಅದರ ದರ್ಜೆ ಮೆರ್ವ್ ಸಂಖ್ಯೆಯಲ್ಲಿ; ಸಂಖ್ಯೆ ಏರಿದಷ್ಟೂ ಇನ್ನೂ ಸಣ್ಣ ಕಣ ಹಿಡಿಯುತ್ತದೆ. ಮೆರ್ವ್ 8 ಇದ್ದರೆ 3ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಕಣಗಳಲ್ಲಿ ಕನಿಷ್ಠ ಶೇ. 70ರಷ್ಟನ್ನು ಹಿಡಿಯುತ್ತದೆ, ನಮ್ಮ ದೂಳಿಗೆ ಅಷ್ಟು ಸಾಕು. 13ಕ್ಕೆ ಏರಿಸುವ ಮುನ್ನ ಬ್ಲೋವರ್ ತಡೆಯುತ್ತದೆಯೇ ಎಂದು ಮೆಕ್ಯಾನಿಕ್ ಕೈಲಿ ಅಳೆಸಿ. ಚೌಕಟ್ಟಿನ ಬಾಣ ಬ್ಲೋವರ್ ಕಡೆಗಿರಲಿ. ಮೇಲೆ ಬರೆದ ಅಳತೆಗೂ ನಿಜವಾದ ಅಳತೆಗೂ ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ ವ್ಯತ್ಯಾಸ ಇರುವುದುಂಟು, ಟೇಪ್ ಹಿಡಿದೇ ಕೊಳ್ಳಿ.

ಈಗಾಗಲೇ ಐಸ್ ಕಟ್ಟಿದ್ದರೆ ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಪೈಪ್ ತೂತಾದರೆ ಗ್ಯಾಸ್ ಪೂರ್ತಿ ಹೋಗುತ್ತದೆ. ಕೂಲ್ ಬಂದ್ ಮಾಡಿ ಫ್ಯಾನ್ ಮೋಡ್‌ನಲ್ಲಿ ಪೂರ್ತಿ ಕರಗುವವರೆಗೆ ಓಡಿಸಿ. ತೊಳೆದ ಫಿಲ್ಟರ್ ಹಾಕಿದ ಮೇಲೂ ಮತ್ತೆ ಕಟ್ಟಿದರೆ ಗ್ಯಾಸ್ ಕಡಿಮೆಯಾಗಿರಬಹುದು, ಕಾಯಿಲ್ ಮೇಲೆ ಕೊಳೆ ಕಟ್ಟಿರಬಹುದು; ಮೆಕ್ಯಾನಿಕ್‌ನನ್ನು ಕರೆಯಿರಿ.

ಜಾಳಿಗೆ ಹರಿದಿದ್ದರೆ, ಚೌಕಟ್ಟಿನಿಂದ ಬಿಟ್ಟಿದ್ದರೆ ಹೊಸದೇ ಬೇಕು. ಇಂಡೋರ್ ಯೂನಿಟ್ಟಿನ ಪಕ್ಕದ ಸ್ಟಿಕರ್‌ನಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದರ ಫೋಟೋ ತೆಗೆದುಕೊಂಡು, ಹಳೇ ಜಾಳಿಗೆಯನ್ನೂ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ಎಡದ್ದು ಬಲಕ್ಕೆ ಕೂರದ ಮಾದರಿಗಳೂ ಇವೆ, ಯಾವ ಬದಿಯದೆಂದು ಗುರುತು ಹಾಕಿಕೊಂಡೇ ಹೊರಡಿ.